ಒಂದೇ ಬೆಲೆ: ಸ್ಪರ್ಧೆಯೋ, ಒಳಒಪ್ಪಂದವೋ?

ಹೊನ್ನಾವರ ತಾಲ್ಲೂಕಿನ ಇಡಗುಂಜಿಗೆ ಮಹಾಗಣಪತಿಯ ದರ್ಶನಕ್ಕೆಂದು ಹೋಗುವವರು ದೇವಸ್ಥಾನದ ಸಮೀಪದ ಅಂಗಡಿಗಳಲ್ಲಿ ಹಣ್ಣುಕಾಯಿ, ಗರಿಕೆಗಳನ್ನು ಕೊಂಡು ಒಳಗೆ ಹೋಗುವುದುಂಟು. ಅಲ್ಲಿ ಅಕ್ಕಪಕ್ಕದಲ್ಲಿ ನಾಲ್ಕು ಅಂಗಡಿಗಳಿವೆಯೆಂದೂ ನಾಲ್ಕರಲ್ಲಿಯೂ ತೆಂಗಿನಕಾಯಿಯ ಬೆಲೆ ಒಂದೇ ಆಗಿದೆಯೆಂದೂ ಕಲ್ಪಿಸಿಕೊಳ್ಳೋಣ. ಒಬ್ಬ ಭಕ್ತನು, “ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ದಾರೆ” ಎನ್ನುತ್ತಾನೆ. ಅವನ ಜೊತೆಗೆ ಬಂದವನು, “ಹಾಗೇನಿಲ್ಲ, ಒಂದು ರೂಪಾಯಿ ಹೆಚ್ಚು ಹೇಳಿದವನ ಅಂಗಡಿಗೆ ಯಾರು ಹೋಗುತ್ತಾರೆ? ಆದ್ದರಿಂದ ಎಲ್ಲರೂ ಒಂದೇ ಬೆಲೆಗೆ ಇಳಿದಿದ್ದಾರೆ” ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ತರ್ಕವಿದೆ. ಒಂದೇ ಬೆಲೆಯು ತೀವ್ರವಾದ ಸ್ಪರ್ಧೆಯ ಫಲವೂ ಆಗಬಹುದು, ಸ್ಪರ್ಧೆಯೇ ಇಲ್ಲದಿರುವುದರ ಫಲವೂ ಆಗಬಹುದು. ಎರಡು ವಿರುದ್ಧ ಕಾರಣಗಳು ಒಂದೇ ಕಾರ್ಯವನ್ನು ಉಂಟುಮಾಡುವಾಗ ಕಾರ್ಯವನ್ನು ಮಾತ್ರ ನೋಡಿ ಕಾರಣವನ್ನು ನಿರ್ಣಯಿಸುವುದು ಹೇಗೆ?

ಈ ಪ್ರಶ್ನೆ ದೇವಸ್ಥಾನದ ಬೀದಿಗೆ ಮಾತ್ರ ಸಂಬಂಧಪಟ್ಟುದಲ್ಲ. ನೂರಾರು ಕೋಟಿ ರೂಪಾಯಿಗಳ ದಂಡ ವಿಧಿಸುವ ಮೊದಲು ನ್ಯಾಯಪೀಠಗಳು ಕೇಳಿಕೊಳ್ಳುವ ಪ್ರಶ್ನೆಯೂ ಇದೇ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1890ರ ಷರ್ಮನ್ ಕಾಯಿದೆಯು ವ್ಯಾಪಾರವನ್ನು ನಿರ್ಬಂಧಿಸುವ ಒಪ್ಪಂದಗಳನ್ನು ಅಪರಾಧವೆಂದು ಸಾರಿತು. ನಮ್ಮ ದೇಶದಲ್ಲಿ 1969ರಲ್ಲಿ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2002ರ ಸ್ಪರ್ಧಾ ಕಾಯಿದೆ ರಚಿತವಾಗಿ, ಒಳಒಪ್ಪಂದಗಳನ್ನು ನಿಷೇಧಿಸುವ ಅದರ 3ನೆಯ ಪ್ರಕರಣವು 2009ರ ಮೇ 20ರಿಂದ ಜಾರಿಗೆ ಬಂದಿತು. ಭಾರತೀಯ ಸ್ಪರ್ಧಾ ಆಯೋಗವು ಈ ಕಾಯಿದೆಯನ್ನು ನಡೆಸುವ ಸಂಸ್ಥೆ. ಪೈಪೋಟಿ ನಡೆಸಬೇಕಾದ ಮಾರಾಟಗಾರರು ಬೆಲೆಯನ್ನೋ ಉತ್ಪಾದನೆಯನ್ನೋ ಪ್ರದೇಶಗಳನ್ನೋ ತಮ್ಮತಮ್ಮಲ್ಲಿ ಗೊತ್ತುಮಾಡಿಕೊಳ್ಳಲು ಕಟ್ಟಿಕೊಂಡ ಕೂಟಕ್ಕೆ ಕಾರ್ಟೆಲ್ ಎಂದು ಹೆಸರು. ಇಂತಹ ಒಪ್ಪಂದಗಳನ್ನು ಯಾರೂ ಮುದ್ರಾಂಕ ಕಾಗದದ ಮೇಲೆ ಬರೆದಿಡುವುದಿಲ್ಲವಾದುದರಿಂದ ಅವುಗಳ ಗುರುತನ್ನು ಅಂಕಿಗಳಲ್ಲಿ ಹುಡುಕಬೇಕಾಗುತ್ತದೆ. ಅರ್ಥಶಾಸ್ತ್ರವು ನ್ಯಾಯಾಲಯವನ್ನು ಪ್ರವೇಶಿಸುವುದು ಇಲ್ಲಿಯೇ.

ಒಪ್ಪಂದದ ಒಳಗಿನ ಲೆಕ್ಕವನ್ನು ಮೊದಲು ನೋಡೋಣ. ಮುಂದಿನ ಅಂಕಿಗಳೆಲ್ಲ ಕಲ್ಪಿತವಾದುವು. ಒಂದು ಕಾಯಿಗೆ ಅಂಗಡಿಯವನಿಗೆ ತಗಲುವ ವೆಚ್ಚ 20 ರೂಪಾಯಿ. ನಾಲ್ವರೂ ಪೈಪೋಟಿಯಿಂದ ಮಾರಿದಾಗ ಬೆಲೆ 21 ರೂಪಾಯಿಗೆ ಇಳಿದು ದಿನಕ್ಕೆ 100 ಕಾಯಿ ಮಾರಾಟವಾಗುತ್ತವೆ. ತಲೆಗೆ 25 ಕಾಯಿ, 25 ರೂಪಾಯಿ ಲಾಭ. ನಾಲ್ವರೂ ಕೂಡಿ 30 ರೂಪಾಯಿ ಎಂದು ನಿಶ್ಚಯಿಸಿದರೆ ಕೆಲವರು ಕಾಯಿ ಒಡೆಸದೆ ಕೈಮುಗಿದು ಹೋಗುತ್ತಾರಾಗಿ ಮಾರಾಟ 80ಕ್ಕೆ ಇಳಿಯುತ್ತದೆ. ಆದರೂ ತಲೆಗೆ 20 ಕಾಯಿ, 200 ರೂಪಾಯಿ ಲಾಭ. ಎಂಟು ಪಟ್ಟು ಲಾಭ ಬರುವಾಗ ಕೂಡಿಕೊಳ್ಳುವ ಆಸೆ ಹುಟ್ಟುವುದು ಸಹಜ.

ಕೊಳ್ಳುವವರ ಪಾಡೇನು? 80 ಕಾಯಿ ಕೊಂಡವರು ಒಂದೊಂದಕ್ಕೂ 9 ರೂಪಾಯಿಯಂತೆ 720 ರೂಪಾಯಿ ಹೆಚ್ಚು ತೆತ್ತರು. ಕೊಳ್ಳದೆ ಹೋದ 20 ಮಂದಿಯಲ್ಲಿ ಒಬ್ಬನು 23ಕ್ಕೆ, ಇನ್ನೊಬ್ಬನು 28ಕ್ಕೆ, ಹೀಗೆ 21ಕ್ಕೂ 30ಕ್ಕೂ ನಡುವಣ ಯಾವುದೋ ಬೆಲೆಗೆ ಕೊಳ್ಳಲು ಸಿದ್ಧನಾಗಿದ್ದವನು. ಅವರಿಗೆ ತಪ್ಪಿದ ಅನುಕೂಲವನ್ನು ಸರಾಸರಿ ನಾಲ್ಕೂವರೆ ರೂಪಾಯಿಯೆಂದು ಹಿಡಿದರೆ 90 ರೂಪಾಯಿ. ಒಟ್ಟಿನಲ್ಲಿ ಕೊಳ್ಳುವವರ ಹಾನಿ 810. ಮಾರುವವರ ಲಾಭವೋ 100ರಿಂದ 800ಕ್ಕೆ ಏರಿದುದು ಮಾತ್ರ, ಅಂದರೆ 700. ಉಳಿದ 110 ರೂಪಾಯಿ ಯಾರ ಪೆಟ್ಟಿಗೆಗೂ ಸೇರಲಿಲ್ಲ. ಘರ್ಷಣೆಯಲ್ಲಿ ಕಳೆದುಹೋಗುವ ಶಕ್ತಿಯಾದರೂ ಶಾಖವಾಗಿ ಉಳಿಯುತ್ತದೆ. ಇದು ಹಾಗೆಯೂ ಉಳಿಯುವುದಿಲ್ಲ. ಒಬ್ಬರ ಹಣ ಇನ್ನೊಬ್ಬರ ಕೈಸೇರಿತೆಂಬ ಅಸಮಾಧಾನಕ್ಕಿಂತ ಈ ಶುದ್ಧ ನಷ್ಟವೇ ಅರ್ಥಶಾಸ್ತ್ರಜ್ಞರಿಗೆ ಕಾರ್ಟೆಲಿನ ಮುಖ್ಯ ದೋಷವಾಗಿ ತೋರುತ್ತದೆ. ಸಾಮಾನ್ಯ ಗಿರಾಕಿಗೆ ಮೊದಲನೆಯದೇ ಹೆಚ್ಚು ನೋಯುತ್ತದೆಂಬುದೂ ನಿಜ.

ಒಪ್ಪಂದ ಆದಮೇಲೆ ಉಳಿಯುತ್ತದೆಯೆ? ನಾಲ್ವರಲ್ಲಿ ಒಬ್ಬನು ಮೆಲ್ಲನೆ 28ಕ್ಕೆ ಇಳಿಸಿದನೆನ್ನೋಣ. ಆ ದಿನದ ಗಿರಾಕಿಗಳೆಲ್ಲ ಅವನ ಕಡೆಗೇ ತಿರುಗಿ ಸುಮಾರು 84 ಕಾಯಿ ಮಾರಾಟವಾದರೆ ಅವನ ಲಾಭ 672 ರೂಪಾಯಿ; ಒಪ್ಪಂದದ ಪಾಲಿಗಿಂತ 472 ಹೆಚ್ಚು. ಮರುದಿನ ಉಳಿದ ಮೂವರೂ ಸಿಟ್ಟಿನಿಂದ 21ಕ್ಕೆ ಇಳಿಯುತ್ತಾರೆ. ಅಲ್ಲಿಂದ ಮುಂದೆ ಅವನಿಗೆ ದಿನವೊಂದಕ್ಕೆ 175 ರೂಪಾಯಿ ಖೋತಾ. ಮೂರನೆಯ ದಿನ ಮುಗಿಯುವುದರೊಳಗೆ ಗಳಿಸಿದ 472 ಕರಗಿಹೋಗುತ್ತದೆ. ಇದು ತಿಳಿದವನು ಒಪ್ಪಂದ ಮುರಿಯಲಾರ. ಆದರೆ ಅವನು ಬೆಲೆ ಇಳಿಸಿದುದು ಉಳಿದವರಿಗೆ ಒಂದು ತಿಂಗಳವರೆಗೆ ಗೊತ್ತಾಗದಿದ್ದರೆ? 30 ದಿನಗಳಲ್ಲಿ 14,160 ರೂಪಾಯಿ ಗಳಿಸಿ, ಆಮೇಲಿನ 80 ದಿನಗಳ ನಷ್ಟವನ್ನು ತಡೆದುಕೊಳ್ಳಬಲ್ಲ. ಅಂಗಡಿಗಳು ನಾಲ್ಕರ ಬದಲು ಎಂಟಾದರೆ ಸಿಕ್ಕಿಬಿದ್ದವನ ಗಳಿಕೆ ಕರಗುವುದಕ್ಕೆ ಸುಮಾರು ಆರೂವರೆ ದಿನಗಳು ಬೇಕೆಂಬುದನ್ನು ಓದುಗರು ತಾವೇ ಲೆಕ್ಕಹಾಕಿ ನೋಡಬಹುದು. ಚೌತಿಯ ದಿನ ಹತ್ತು ಪಟ್ಟು ಜನ ಬಂದರೆ ಆ ಒಂದೇ ದಿನ ಒಪ್ಪಂದ ಮುರಿಯುವವನಿಗೆ 4,720 ರೂಪಾಯಿಯ ಆಮಿಷ. ಶಿಕ್ಷೆಯಾದರೋ ಮೊದಲಿನಂತೆ ದಿನಕ್ಕೆ 175 ಮಾತ್ರ. ಬೇಡಿಕೆ ಉಬ್ಬಿದ ದಿನವೇ ಕೂಟ ಒಡೆಯುವ ಸಂಭವ ಹೆಚ್ಚು ಎಂಬ ಈ ಫಲಿತಾಂಶ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ.

ಕೂಟವು ಬಾಳಬೇಕಾದರೆ ಮಾರುವವರು ಕೆಲವರೇ ಆಗಿರಬೇಕು, ಸರಕು ಒಂದೇ ಬಗೆಯದಾಗಿರಬೇಕು, ಬೇಡಿಕೆ ಸ್ಥಿರವಾಗಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬರ ಬೆಲೆ ಇನ್ನೊಬ್ಬರಿಗೆ ಬೇಗನೆ ತಿಳಿಯುತ್ತಿರಬೇಕು. ತನಿಖೆಗಾರರು ಉದ್ಯಮ ಸಂಘಗಳು ಸದಸ್ಯರಿಂದ ಸಂಗ್ರಹಿಸಿ ಹಂಚುವ ಬೆಲೆಪಟ್ಟಿಗಳನ್ನು ಅಷ್ಟೊಂದು ಆಸಕ್ತಿಯಿಂದ ಓದುವುದು ಇದಕ್ಕಾಗಿಯೇ. ಸಿಮೆಂಟಿನ ಮೊಕದ್ದಮೆ ಇದಕ್ಕೆ ಒಳ್ಳೆಯ ನಿದರ್ಶನ. ಕಟ್ಟಡ ನಿರ್ಮಾಣಕಾರರ ಸಂಘವು ನೀಡಿದ ದೂರಿನ ಮೇಲೆ ಸ್ಪರ್ಧಾ ಆಯೋಗವು 2012ರ ಜೂನ್ 20ರಂದು 11 ಸಿಮೆಂಟ್ ಕಂಪನಿಗಳಿಗೂ ಅವುಗಳ ತಯಾರಕರ ಸಂಘಕ್ಕೂ ಒಟ್ಟು ಸುಮಾರು 6,300 ಕೋಟಿ ರೂಪಾಯಿ ದಂಡ ವಿಧಿಸಿತು. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಕಾರ್ಖಾನೆಯುಳ್ಳ ಎಸಿಸಿ, ಮಳಖೇಡದಲ್ಲಿ ಕಾರ್ಖಾನೆಯುಳ್ಳ ಅಲ್ಟ್ರಾಟೆಕ್ ಎರಡೂ ಆ ಪಟ್ಟಿಯಲ್ಲಿದ್ದುವು. ಬೆಲೆಗಳು ಜೊತೆಜೊತೆಯಾಗಿ ಏರಿದುದನ್ನು ತೋರಿಸುವ ಸಹಸಂಬಂಧದ ಲೆಕ್ಕಗಳು ಆಯೋಗದ ಮುಂದಿದ್ದುವು. ಇದಲ್ಲದೆ, ಉದ್ಯಮವು ತನ್ನ ಉತ್ಪಾದನಾ ಸಾಮರ್ಥ್ಯದಲ್ಲಿ 2009-10ರಲ್ಲಿ ಶೇಕಡ 83ರಷ್ಟನ್ನು ಬಳಸಿದ್ದುದು 2010-11ರಲ್ಲಿ ಶೇಕಡ 73ಕ್ಕೆ ಇಳಿದಿತ್ತು.

ಸಹಸಂಬಂಧವೊಂದನ್ನೇ ನಂಬಬಾರದು. 1665ರಲ್ಲಿ ಹೈಗನ್ಸ್ ಎಂಬ ಡಚ್ ವಿಜ್ಞಾನಿಯು ಕಾಯಿಲೆಯಿಂದ ಮಲಗಿದ್ದಾಗ, ಒಂದೇ ಆಧಾರಕ್ಕೆ ತೂಗುಹಾಕಿದ್ದ ಎರಡು ಲೋಲಕ ಗಡಿಯಾರಗಳು ಸ್ವಲ್ಪ ಹೊತ್ತಿನಲ್ಲಿ ತಾಳ ತಪ್ಪದೆ ಒಟ್ಟಿಗೆ ಆಡತೊಡಗುವುದನ್ನು ಗಮನಿಸಿದನು. ಗಡಿಯಾರಗಳು ಮಾತನಾಡಿಕೊಳ್ಳಲಿಲ್ಲ, ಅವುಗಳನ್ನು ಹೊತ್ತ ತೊಲೆಯ ಅತಿಸೂಕ್ಷ್ಮ ಕಂಪನವೇ ಅವುಗಳನ್ನು ಜೊತೆಗೂಡಿಸಿತ್ತು. ಸಿಮೆಂಟಿಗೆ ಕಲ್ಲಿದ್ದಲು, ಡೀಸೆಲ್, ರೈಲು ಸಾಗಣೆಗಳೇ ಆ ತೊಲೆ. ಅವುಗಳ ವೆಚ್ಚ ಏರಿದಾಗ ಎಲ್ಲರ ಬೆಲೆಯೂ ಒಟ್ಟಿಗೆ ಏರಿದರೆ ಅದರಲ್ಲಿ ದೋಷವಿಲ್ಲ. ಆದುದರಿಂದ ನುರಿತ ವಿಶ್ಲೇಷಕನು ಸಮಾನ ಕಾರಣಗಳ ಪರಿಣಾಮವನ್ನು ಮೊದಲು ಕಳೆದು, ಉಳಿದ ಶೇಷವು ಒಟ್ಟಿಗೆ ಚಲಿಸುತ್ತದೆಯೇ ಎಂದು ನೋಡಬೇಕು. ಬೆಲೆ ಏರುತ್ತಿರುವಾಗ ಯಂತ್ರಗಳನ್ನು ನಿಲ್ಲಿಸಿ ಕಡಮೆ ತಯಾರಿಸುವುದು ಒಂಟಿಯಾಗಿ ಯೋಚಿಸುವ ಕಂಪನಿಗೆ ಲಾಭದ ದಾರಿಯಲ್ಲ. ಹೀಗಾಗಿ 83ರಿಂದ 73ಕ್ಕೆ ಇಳಿದ ಅಂಕಿಯು ಬೆಲೆಗಳ ಸಹಸಂಬಂಧಕ್ಕಿಂತ ಬಲವಾದ ಸಾಕ್ಷ್ಯವೆಂದು ನನಗೆ ತೋರುತ್ತದೆ. ಬೇಡಿಕೆಯೇ ಕುಗ್ಗಿತ್ತೆಂದು ಕಂಪನಿಗಳು ವಾದಿಸಿದುವು. ವಿಚಾರಣೆಯ ಕ್ರಮದಲ್ಲಿ ಲೋಪವಿತ್ತೆಂದು ಮೇಲ್ಮನವಿ ನ್ಯಾಯಮಂಡಳಿಯು 2015ರಲ್ಲಿ ಆದೇಶವನ್ನು ರದ್ದುಮಾಡಿತು. ಆಯೋಗವು 2016ರಲ್ಲಿ ಮರುವಿಚಾರಣೆ ನಡೆಸಿ ಪುನಃ ದಂಡ ವಿಧಿಸಿತು. 2018ರ ಜುಲೈನಲ್ಲಿ ಅದು ಸ್ಥಿರಪಟ್ಟು ವ್ಯಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

“ತಾನೊಬ್ಬನೇ ಯೋಚಿಸಿದ್ದರೂ ಅವನು ಹೀಗೆಯೇ ಮಾಡುತ್ತಿದ್ದನೆ?” ಎಂಬ ಈ ಪ್ರಶ್ನೆಯೇ ಇಡೀ ವಿಶ್ಲೇಷಣೆಯ ಕೀಲು. ಅದಕ್ಕೆ ಹೌದೆಂದೂ ಅಲ್ಲವೆಂದೂ ಎರಡು ಬಗೆಯ ಉತ್ತರಗಳು ದೊರೆತ ಎರಡು ತೀರ್ಪುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಬೇಕು.

ಭಾರತ ಆಹಾರ ನಿಗಮದ ಉಗ್ರಾಣಗಳಲ್ಲಿ ಧಾನ್ಯಕ್ಕೆ ಹುಳು ಹಿಡಿಯದಂತೆ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಇಡುತ್ತಾರೆ. 2009ರಲ್ಲಿ ನಿಗಮವು ಕರೆದ ಟೆಂಡರಿಗೆ ಮೂರು ಕಂಪನಿಗಳು ಕಿಲೋವಿಗೆ 388 ರೂಪಾಯಿಯೆಂದು ಒಂದೇ ದರ ನಮೂದಿಸಿದುವು. ಮುಚ್ಚಿದ ಲಕೋಟೆಯಲ್ಲಿ ಕೊಡುವ ದರವು ಪಕ್ಕದವನಿಗೆ ಕಾಣುವುದಿಲ್ಲ. ದೇವಸ್ಥಾನದ ಬೀದಿಯಂತೆ ಕೂಗಿ ಹೇಳುವ ಬೆಲೆಯಲ್ಲ ಅದು. ಕಾರ್ಖಾನೆಗಳು ಬೇರೆಬೇರೆ ಕಡೆ ಇದ್ದು ತಯಾರಿಕೆಯ ವೆಚ್ಚವೂ ಬೇರೆಬೇರೆಯಾಗಿರುವಾಗ ಬೆಲೆ ಮಾತ್ರ ಒಂದೇ ಆದುದು ಆಕಸ್ಮಿಕವಲ್ಲವೆಂದು ಸುಪ್ರೀಂ ಕೋರ್ಟು 2017ರ ಮೇ 8ರ ತೀರ್ಪಿನಲ್ಲಿ ಒಳಒಪ್ಪಂದದ ಆರೋಪವನ್ನು ಎತ್ತಿಹಿಡಿಯಿತು. ದಂಡವನ್ನು ಮಾತ್ರ ಕಂಪನಿಯ ಸಮಸ್ತ ವಹಿವಾಟಿನ ಮೇಲಲ್ಲ, ಈ ಗುಳಿಗೆಗಳ ವಹಿವಾಟಿನ ಮೇಲೆ ಲೆಕ್ಕಹಾಕಬೇಕೆಂದಿತು.

ಮರುವರ್ಷ, 2018ರ ಅಕ್ಟೋಬರ್ 1ರಂದು, ಅದೇ ನ್ಯಾಯಾಲಯವು ಅಡುಗೆ ಅನಿಲದ ಸಿಲಿಂಡರುಗಳ ಮೊಕದ್ದಮೆಯನ್ನು ತೀರ್ಮಾನಿಸಿತು. ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿನ 2010ರ ಟೆಂಡರಿನಲ್ಲಿ 40ಕ್ಕೂ ಹೆಚ್ಚು ತಯಾರಕರು ಒಂದೇ ಅಥವಾ ಹೆಚ್ಚುಕಡಮೆ ಒಂದೇ ದರಗಳನ್ನು ಕೊಟ್ಟಿದ್ದರು. ಟೆಂಡರಿನ ಮುನ್ನಾದಿನಗಳಲ್ಲಿ ಅವರಲ್ಲಿ ಹಲವರು ಮುಂಬಯಿಯ ಒಂದು ಹೋಟೆಲಿನಲ್ಲಿ ಸೇರಿಯೂ ಇದ್ದರು. ಆಯೋಗವು ದಂಡ ಹಾಕಿದುದರಲ್ಲಿ ಆಶ್ಚರ್ಯವೇನು? ಆದರೂ ಸುಪ್ರೀಂ ಕೋರ್ಟು ದಂಡವನ್ನು ತೆಗೆದುಹಾಕಿತು. ಆ ಮಾರುಕಟ್ಟೆಯಲ್ಲಿ ಕೊಳ್ಳುವವರು ಮೂರೇ ತೈಲ ಕಂಪನಿಗಳು. ಸಿಲಿಂಡರಿನ ಅಳತೆ, ಉಕ್ಕು, ಕವಾಟ ಎಲ್ಲವೂ ಗೊತ್ತುಪಡಿಸಿದುವು. ಹಿಂದಿನ ಸಾಲಿನ ದರ ಎಲ್ಲರಿಗೂ ತಿಳಿದಿದ್ದುದು. ಕೊನೆಯ ಬೆಲೆಯನ್ನು ಮಾತುಕತೆಯಲ್ಲಿ ಹಿಡಿತದಲ್ಲಿಟ್ಟುಕೊಂಡಿದ್ದವರು ಕೊಳ್ಳುವವರೇ. ಹೊಸ ತಯಾರಕರೂ ಟೆಂಡರಿಗೆ ಬಂದಿದ್ದರು. ಇಂತಹ ಪರಿಸ್ಥಿತಿಯಲ್ಲಿ ಪ್ರತಿಯೊಬ್ಬನೂ ಒಂಟಿಯಾಗಿ ಯೋಚಿಸಿದರೂ ಅದೇ ಅಂಕಿಯ ಸುತ್ತಮುತ್ತ ಬಂದು ನಿಲ್ಲುತ್ತಾನೆಂಬುದು ತೀರ್ಪಿನ ತಿರುಳು. ಮುಂಬಯಿಯ ಸಭೆ ನನ್ನ ಮನಸ್ಸಿನಲ್ಲಿ ಇನ್ನೂ ಕೊಂಚ ಸಂಶಯವನ್ನುಳಿಸಿದೆ. ಆದರೆ ಸಂಶಯವು ಸಾಕ್ಷ್ಯವಲ್ಲ.

ಕೊಳ್ಳುವವರು ಕೆಲವರೇ ಆಗಿರುವ ಮಾರುಕಟ್ಟೆಯ ಕಷ್ಟ ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಸಾವಿರಾರು ಮಂದಿ ಸಣ್ಣ ತೋಟಿಗರು ಒಂದು ಕಡೆ, ಬೆರಳೆಣಿಕೆಯ ಖರೀದಿದಾರರು ಇನ್ನೊಂದು ಕಡೆ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು 1923ರಲ್ಲಿಯೂ ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿಯೂ ಸ್ಥಾಪಿತವಾದುದು ಈ ಅಸಮತೋಲನಕ್ಕೆ ಉತ್ತರವಾಗಿ. ಬೆಳೆಗಾರರು ಒಂದಾಗಿ ಮಾರುವುದೂ ಒಂದು ಬಗೆಯ ಕೂಟವಲ್ಲವೆ ಎಂದು ತರ್ಕಪ್ರಿಯರು ಕೇಳಬಹುದು. ಅಮೆರಿಕದಲ್ಲಿ ಈ ಪ್ರಶ್ನೆಯೆದ್ದು 1922ರಲ್ಲಿ ರೈತರ ಸಹಕಾರ ಸಂಘಗಳಿಗೆ ಕಾಯಿದೆಯಿಂದಲೇ ರಕ್ಷಣೆ ಕೊಡಬೇಕಾಯಿತು. ತೆಂಗಿನಕಾಯಿಯ ಲೆಕ್ಕಕ್ಕೆ ಹಿಂದಿರುಗಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಂಗಡಿಯವರ ಕೂಟವು ಮಾರಾಟವನ್ನು 100ರಿಂದ 80ಕ್ಕೆ ಇಳಿಸಿತು. ಸಹಕಾರ ಸಂಘವೋ ಸದಸ್ಯನು ತಂದ ಅಡಿಕೆಯನ್ನು ಬೇಡವೆನ್ನದೆ ಮಾರಾಟಕ್ಕೆ ಇಡುತ್ತದೆ; ಪ್ರಮಾಣ ಕುಗ್ಗುವುದಿಲ್ಲ, ಖರೀದಿದಾರರ ಪೈಪೋಟಿ ಹೆಚ್ಚುತ್ತದೆ. ಅದೇ ಸಂಘವು ಬೆಲೆಯೇರಿಸಲೆಂದು ಬೆಳೆಯನ್ನೇ ಕಡಿಮೆಮಾಡಿಸಿದರೆ ಆಗ ಮಾತು ಬೇರೆಯಾಗುತ್ತದೆ.

ಇನ್ನು ಮಾರುಕಟ್ಟೆಯ ಎಲ್ಲೆಯ ವಿಚಾರ. ಇಡಗುಂಜಿಯ ಬೀದಿಯೊಂದೇ ಮಾರುಕಟ್ಟೆಯೋ, ಮಂಕಿ ಹೊನ್ನಾವರಗಳ ಅಂಗಡಿಗಳೂ ಅದಕ್ಕೆ ಸೇರುತ್ತವೆಯೋ? ಎಲ್ಲೆಯನ್ನು ದೊಡ್ಡದಾಗಿ ಎಳೆದರೆ ಯಾವ ವ್ಯಾಪಾರಿಯೂ ಸಣ್ಣವನಾಗಿ ಕಾಣುತ್ತಾನೆ. ಚಿಕ್ಕದಾಗಿ ಎಳೆದರೆ ಪ್ರತಿಯೊಬ್ಬನೂ ಏಕಸ್ವಾಮ್ಯದ ಒಡೆಯ. ಇದಕ್ಕೊಂದು ಪರೀಕ್ಷೆಯುಂಟು. ಬೀದಿಯ ಅಂಗಡಿಗಳೆಲ್ಲ ಒಬ್ಬನ ಕೈಯಲ್ಲಿವೆಯೆಂದು ಭಾವಿಸಿ ಬೆಲೆಯನ್ನು ಶೇಕಡ 5ರಷ್ಟು ಏರಿಸಿದರೆ ಅವನಿಗೆ ಲಾಭವೇ ಎಂದು ಕೇಳುವುದು. ಸ್ಪರ್ಧೆಯ ಬೆಲೆ 21ರಿಂದ 22ಕ್ಕೆ ಏರಿದರೆ ಕಾಯಿಯೊಂದರ ಲಾಭ 1 ರೂಪಾಯಿ ಇದ್ದುದು 2 ಆಗುತ್ತದೆ. ಅರ್ಧದಷ್ಟು ಗಿರಾಕಿಗಳು ಹೊನ್ನಾವರದಿಂದಲೇ ಕಾಯಿ ತರತೊಡಗಿದರೆ ಮಾತ್ರ ಅವನ ಗಳಿಕೆ ಮೊದಲಿನಷ್ಟೇ ಉಳಿದೀತು. ಅಷ್ಟು ಜನ ಬಿಟ್ಟುಹೋಗಲಾರರಾದರೆ ಬೀದಿಯೇ ಮಾರುಕಟ್ಟೆ. ತಂತಿಯನ್ನು ಎಳೆದಾಗ ಅದು ಎಷ್ಟು ಹಿಗ್ಗುತ್ತದೆಂಬುದಕ್ಕೆ ಭೌತವಿಜ್ಞಾನದಲ್ಲಿ ಸ್ಥಿತಿಸ್ಥಾಪಕತ್ವದ ಗುಣಾಂಕವಿದ್ದಂತೆ, ಬೆಲೆಯನ್ನು ಎಳೆದಾಗ ಬೇಡಿಕೆ ಎಷ್ಟು ಕುಗ್ಗುತ್ತದೆಂಬುದನ್ನೂ ಅರ್ಥಶಾಸ್ತ್ರಜ್ಞರು ಅದೇ ಹೆಸರಿನಿಂದ ಕರೆಯುತ್ತಾರೆ.

ಈ ಪರೀಕ್ಷೆಯಲ್ಲಿ ಒಂದು ಗುಂಡಿಯಿದೆ. ಕೂಟವು ಈಗಾಗಲೇ ಬೆಲೆಯನ್ನು 30ಕ್ಕೆ ಏರಿಸಿದೆಯೆನ್ನೋಣ. ಅಲ್ಲಿಂದ ಶೇಕಡ 5 ಏರಿಸಿದರೆ 31 ರೂಪಾಯಿ 50 ಪೈಸೆ. ಕಾಯಿಯೊಂದರ ಲಾಭ 10ರಿಂದ 11½ಕ್ಕೆ ಏರುತ್ತದೆ. ಆದರೆ 80ರಲ್ಲಿ 11 ಕಾಯಿಗಳ ವ್ಯಾಪಾರ ತಪ್ಪಿದರೂ ಒಟ್ಟು ಗಳಿಕೆ ಇಳಿಯುತ್ತದೆ. 30 ದಾಟಿದರೆ ಜನ ಮನೆಯಿಂದಲೇ ಕಾಯಿ ತರುವರೆಂದೇ ಕೂಟವು 30ಕ್ಕೆ ನಿಂತಿರುವುದು. ಇದನ್ನರಿಯದ ವಿಶ್ಲೇಷಕನು “ಬೆಲೆ ಏರಿಸಿದರೆ ಗಿರಾಕಿಗಳು ಓಡಿಹೋಗುತ್ತಾರೆ, ಆದ್ದರಿಂದ ಇವರಿಗೆ ಯಾವ ಪ್ರಾಬಲ್ಯವೂ ಇಲ್ಲ” ಎಂದು ತಲೆಕೆಳಗಾದ ತೀರ್ಮಾನಕ್ಕೆ ಬರುತ್ತಾನೆ. ಈಗಾಗಲೇ ಎಳೆದು ಬಿಗಿದಿರುವ ತಂತಿಯನ್ನು ಎಳೆಯದ ತಂತಿಯೆಂದು ಅಳೆದಂತೆ ಇದು. 1956ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡ್ಯೂಪಾಂಟ್ ಕಂಪನಿಯ ಮೊಕದ್ದಮೆಯಲ್ಲಿ ಈ ಗುಂಡಿಗೇ ಬಿದ್ದಿತೆಂದು ಬಹುಮಂದಿ ಅರ್ಥಶಾಸ್ತ್ರಜ್ಞರ ಅಭಿಪ್ರಾಯ. ಅಲ್ಲಿ ಮಾರಾಟವಾಗುತ್ತಿದ್ದ ಸೆಲೋಫೇನ್ ಹಾಳೆಯಲ್ಲಿ ಸುಮಾರು ಶೇಕಡ 75 ಆ ಕಂಪನಿಯದು. ಆದರೆ ಮೇಣದ ಕಾಗದ ಮೊದಲಾದ ಎಲ್ಲ ಹೊದಿಕೆಗಳನ್ನೂ ಒಂದೇ ಮಾರುಕಟ್ಟೆಯೆಂದು ಎಣಿಸಿದ ನ್ಯಾಯಾಲಯಕ್ಕೆ ಸೆಲೋಫೇನಿನ ಪಾಲು ಶೇಕಡ 20ಕ್ಕಿಂತ ಕಡಮೆಯಾಗಿ ಕಂಡು, ಕಂಪನಿಯು ಗೆದ್ದಿತು. ಈ ತಪ್ಪಿಗೆ ಪಠ್ಯಪುಸ್ತಕಗಳಲ್ಲಿ ಸೆಲೋಫೇನ್ ದೋಷವೆಂದೇ ಹೆಸರು ನಿಂತಿದೆ.

ಬೆಲೆಯ ಪ್ರಸ್ತಾಪವೇ ಇಲ್ಲದ ಒಪ್ಪಂದಗಳೂ ಉಂಟು. ಅವುಗಳಲ್ಲಿ ಕನ್ನಡಿಗರ ಮನಸ್ಸಿಗೆ ತೀರ ಹತ್ತಿರವಾದುದು ಡಬ್ಬಿಂಗ್ ವಿವಾದ. ಬೇರೆ ಭಾಷೆಯ ಚಲನಚಿತ್ರಗಳಿಗೆ ಕನ್ನಡದ ಧ್ವನಿ ಜೋಡಿಸಿ ತೆರೆಕಾಣಿಸುವುದನ್ನು 1960ರ ದಶಕದಿಂದಲೂ ನಮ್ಮ ಚಿತ್ರೋದ್ಯಮ ತಡೆಯುತ್ತ ಬಂದಿತ್ತು. ಇದಕ್ಕೆ ಯಾವ ಶಾಸನದ ಬೆಂಬಲವೂ ಇರಲಿಲ್ಲ. ಉದ್ಯಮದ ಸಂಘಗಳ ನಿಲುವೇ ನಿಯಮವಾಗಿತ್ತು. ಕನ್ನಡ ಗ್ರಾಹಕರ ಕೂಟವು ಸ್ಪರ್ಧಾ ಆಯೋಗದ ಮೊರೆಹೊಕ್ಕಿತು. ಭಾಷೆ, ಸಂಸ್ಕೃತಿ, ಕಲಾವಿದರ ಜೀವನೋಪಾಯಗಳ ರಕ್ಷಣೆಗಾಗಿ ಈ ತಡೆ ಅವಶ್ಯವೆಂಬುದು ಎದುರು ಪಕ್ಷದ ವಾದ. ಆಯೋಗವು 2015ರ ಜುಲೈನಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೇ ಮೊದಲಾದ ಸಂಘಗಳು ಕಾಯಿದೆಯನ್ನು ಉಲ್ಲಂಘಿಸಿವೆಯೆಂದು ತೀರ್ಮಾನಿಸಿ ದಂಡ ವಿಧಿಸಿತು. ಪೈಪೋಟಿಗಾರರು ಕೂಡಿ ಪೂರೈಕೆಯನ್ನು ನಿರ್ಬಂಧಿಸಿದರೆಂದು ಸಿದ್ಧವಾದೊಡನೆ ಸ್ಪರ್ಧೆಗೆ ಹಾನಿಯಾಗಿದೆಯೆಂದು ಕಾಯಿದೆಯೇ ಊಹಿಸುತ್ತದೆ. ಹಾನಿಯಾಗಿಲ್ಲವೆಂದು ತೋರಿಸುವ ಹೊಣೆ ಒಪ್ಪಂದ ಮಾಡಿಕೊಂಡವರದು. ಬಂಗಾಳಿಗೆ ಡಬ್ ಮಾಡಿದ ಮಹಾಭಾರತದ ಧಾರಾವಾಹಿಯನ್ನು ತಡೆದ ಪಶ್ಚಿಮ ಬಂಗಾಳದ ಕಲಾವಿದರ ಸಮಿತಿಯ ವಿರುದ್ಧವೂ ಸುಪ್ರೀಂ ಕೋರ್ಟು 2017ರ ಮಾರ್ಚ್ 7ರಂದು ತೀರ್ಪಿತ್ತಿತು.

ಇಲ್ಲಿ ತೆಂಗಿನಕಾಯಿಯ ಲೆಕ್ಕ ನಮ್ಮನ್ನು ಎಷ್ಟು ದೂರ ಕೊಂಡೊಯ್ದೀತು? ಕನ್ನಡವೊಂದನ್ನೇ ಬಲ್ಲ ಪ್ರೇಕ್ಷಕನು ನೋಡಲಾಗದೆ ಹೋದ ಚಿತ್ರಗಳು, ಕಾಯಿ ಕೊಳ್ಳದೆ ಹೋದ 20 ಮಂದಿಯ ನಷ್ಟಕ್ಕೆ ಸಮಾನ. ಅದನ್ನು ಅಳೆಯುವ ಮಾರ್ಗವುಂಟು. ಒಂದು ಭಾಷೆಯಲ್ಲಿ ಸ್ವಂತ ಚಿತ್ರಗಳು ಹುಟ್ಟುತ್ತಿರಬೇಕೆಂಬ ಬಯಕೆಯನ್ನು ಅಳೆಯುವ ಕೋಲು ಅರ್ಥಶಾಸ್ತ್ರದಲ್ಲಿ ಇಲ್ಲ. ಆದರೆ ಆ ಬಯಕೆಯನ್ನು ಈಡೇರಿಸಲು ಸರಕಾರದ ಸಹಾಯಧನದಂತಹ ಬೇರೆ ಉಪಾಯಗಳಿರುವಾಗ, ಮಾರುವವರೇ ಕೂಡಿ ಪ್ರೇಕ್ಷಕನ ಆಯ್ಕೆಯನ್ನು ಕಡಿಮೆಗೊಳಿಸುವುದು ಸರಿಯೆ ಎಂದು ಕೇಳಬಹುದು. ಆಯೋಗದ ಉತ್ತರವೇ ಸರಿಯೆಂದು ನನ್ನ ಮತ. ಒಪ್ಪದವರು ನನ್ನ ಸ್ನೇಹಿತರಲ್ಲಿಯೇ ಹಲವರಿದ್ದಾರೆ.

ಅರ್ಥಶಾಸ್ತ್ರವು ಕೂಟವನ್ನು ಗುರುತಿಸುವುದಕ್ಕಷ್ಟೇ ಅಲ್ಲ, ಒಡೆಯುವುದಕ್ಕೂ ಉಪಯೋಗಕ್ಕೆ ಬಂದಿದೆ. ಬೆಲೆಯನ್ನು ಮೊದಲು ಇಳಿಸಿದವನಿಗೆ ಲಾಭವಿದ್ದಂತೆ, ಗುಟ್ಟನ್ನು ಮೊದಲು ಹೊರಗೆಡಹಿದವನಿಗೂ ಲಾಭವಿರುವಂತೆ ಮಾಡಿದರೆ ಕೂಟದ ಸದಸ್ಯರಲ್ಲಿ ಪರಸ್ಪರ ನಂಬಿಕೆ ಸಡಿಲುತ್ತದೆ. ನಮ್ಮ ಕಾಯಿದೆಯ 46ನೆಯ ಪ್ರಕರಣದಂತೆ ಮೊದಲು ಬಂದು ಪೂರ್ಣ ಮಾಹಿತಿ ಕೊಟ್ಟವನಿಗೆ ದಂಡವನ್ನು ಸಂಪೂರ್ಣವಾಗಿ ಮನ್ನಾ ಮಾಡಬಹುದು. ಅನಂತರ ಬಂದವರಿಗೆ ರಿಯಾಯಿತಿ ಕಡಿಮೆಯಾಗುತ್ತ ಹೋಗುತ್ತದೆ. ಕರ್ನಾಟಕವನ್ನೂ ಒಳಗೊಂಡು ಹಲವು ರಾಜ್ಯಗಳಲ್ಲಿ ಬಿಯರಿನ ಬೆಲೆಯನ್ನು ಕಂಪನಿಗಳು ಕೂಡಿ ಗೊತ್ತುಮಾಡುತ್ತಿದ್ದ ಸಂಗತಿ ಬೆಳಕಿಗೆ ಬಂದುದು ಹೀಗೆ. ಆಯೋಗವು 2021ರ ಸೆಪ್ಟೆಂಬರ್ 24ರಂದು ನೀಡಿದ ಆದೇಶದಲ್ಲಿ ಮೊದಲು ಬಾಯಿಬಿಟ್ಟ ಎಬಿ ಇನ್‌ಬೆವ್ ಕಂಪನಿಗೆ ದಂಡವೇ ಇಲ್ಲ. ಎರಡನೆಯದಾಗಿ ಬಂದ ಬೆಂಗಳೂರಿನ ಯುನೈಟೆಡ್ ಬ್ರೂವರೀಸಿಗೆ ಶೇಕಡ 40ರಷ್ಟೂ ಕಾರ್ಲ್ಸ್‌ಬರ್ಗಿಗೆ ಶೇಕಡ 20ರಷ್ಟೂ ರಿಯಾಯಿತಿ ದೊರೆಯಿತು. ಆ ರಿಯಾಯಿತಿಯನ್ನು ಕಳೆದ ಮೇಲೆಯೂ ಯುನೈಟೆಡ್ ಬ್ರೂವರೀಸಿನ ಪಾಲಿಗೆ ಬಂದ ದಂಡ ಸುಮಾರು 752 ಕೋಟಿ ರೂಪಾಯಿ.